ಕಂಡಕ್ಟರಮ್ಮನ ಎಡಭುಜ: ಬ್ಯಾಡರಹಳ್ಳಿಯಿಂದ ಕೆಂಗೇರಿಗೆ

ಬ್ಯಾಡರಹಳ್ಳಿ ಸ್ಟಾಪಿನಲ್ಲಿ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಬಂದು ನನ್ನೆದುರು ನಿಂತು, "ಆಂಟಿ, ಆಧಾರ್ ತೋರ್ಸಿ" ಎಂದ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಾರದು, ಖಾಕಿ ಅಂಗಿಯ ಗಂಜಿ ಇನ್ನೂ ಬಿಟ್ಟಿರಲಿಲ್ಲ. ನಾನು ಸುಮ್ಮನೆ ಆಧಾರ್ ಕಾರ್ಡು ತೋರಿಸಿದೆ. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಮಿಷನ್ನಿನಿಂದ ಹರಿದು ಕೊಟ್ಟ. ನನ್ನ ಪರ್ಸಿನ ತಳದಲ್ಲಿ ಇನ್ನೊಂದು ಕಾರ್ಡು ಇತ್ತು. ಅದರಲ್ಲಿ ಇರುವುದು ಖಾಕಿ ಅಂಗಿ ತೊಟ್ಟ ನನ್ನ ಫೋಟೋ, ಕೆಳಗೆ ಜಯಮ್ಮ, ನಿರ್ವಾಹಕಿ ಎಂದು ಹೆಸರು. ಅದನ್ನು ತೋರಿಸಿ "ಸ್ಟಾಫ್" ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ನಮ್ಮವರನ್ನು ನಮ್ಮವರು ಟಿಕೆಟ್ ಕೇಳುವುದಿಲ್ಲ. ಹೇಳಲಿಲ್ಲ. ನಾಲ್ಕು ತಿಂಗಳಿಂದ ರಜೆ ಹಾಕಿ ಮನೆಯಲ್ಲಿ ಕೂತವಳು ಯಾವ ಬಾಯಲ್ಲಿ ಸ್ಟಾಫ್ ಎನ್ನಲಿ?

ಪಕ್ಕದಲ್ಲಿ ನಮ್ಮ ಯಜಮಾನರು ಗಂಗಣ್ಣ ನಿಂತಿದ್ದರು. ಬ್ಯಾಡರಹಳ್ಳಿಯಲ್ಲಿ ಅವರದೊಂದು ಹಿಟ್ಟಿನ ಮಿಲ್ಲಿದೆ. ಆ ದಿನ ಅದರ ಬಾಗಿಲು ಹಾಕಿ ನನ್ನ ಜೊತೆ ಹೊರಟಿದ್ದರು. ನನ್ನ ಭುಜದ ಸ್ಕ್ಯಾನಿಂಗ್ ಫಿಲಮುಗಳಿದ್ದ ದೊಡ್ಡ ಕವರನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದರು.

"ಕಂಬಿ ಹಿಡ್ಕೊಳ್ರೀ" ಎಂದೆ.

"ಕವರ್ ಮಡಚಿ ಹೋದ್ರೆ ಡಾಕ್ಟ್ರಿಗೆ ಏನು ತೋರಿಸ್ತೀಯ?"

"ನೀವು ಮಡಚಿ ಬಿದ್ರೆ ನಿಮ್ಮನ್ನೂ ತೋರಿಸ್ಬೇಕಾಗುತ್ತೆ."

ಹಿಡಿದುಕೊಳ್ಳಲಿಲ್ಲ. ಜೀವಮಾನದಲ್ಲಿ ಬಸ್ಸಿನ ಕಂಬಿ ಹಿಡಿಯದ ಗಂಡಸು ಅವರು. ನಾನೋ, ಇಪ್ಪತ್ತು ವರ್ಷದ ಮೇಲೆ "ಕಂಬಿ ಹಿಡ್ಕೊಳ್ಳಿ" ಎಂದು ಗಂಟಲು ಹರಿದುಕೊಂಡವಳು. ದೇವರು ಜೋಡಿ ಮಾಡುವಾಗ ಯಾವ ಕಡೆ ನೋಡುತ್ತಿದ್ದನೋ.

ಆ ದಿನ ನಾವು ಹೋಗಬೇಕಾಗಿದ್ದದ್ದು ಎರಡು ಕಡೆಗೆ. ಮೊದಲು ರಾಜಾಜಿನಗರದಲ್ಲಿ ಭುಜದ ನೋವಿಗೆಂದೇ ಇರುವ ಡಾಕ್ಟರ ಹತ್ತಿರ. ನಾನು ಮತ್ತೆ ಬಸ್ಸಿನ ಮೇಲೆ ಡ್ಯೂಟಿ ಮಾಡಬಹುದು ಎಂದು ಅವರು ಬರೆದುಕೊಟ್ಟರೆ, ಅದನ್ನು ಹಿಡಿದುಕೊಂಡು ಕೆಂಗೇರಿಯಲ್ಲಿರುವ ನಮ್ಮ ಡಿಪೋಗೆ. ಬರೆದುಕೊಡದಿದ್ದರೆ ಲೈಟ್ ಡ್ಯೂಟಿ. ಎಂದರೆ ಡಿಪೋ ಒಳಗೆ ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು, ನಿವೃತ್ತಿಯಾಗುವವರೆಗೂ. ಸಂಬಳದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ. ಕೇಳಿದವರೆಲ್ಲ ನಿನ್ನ ಪುಣ್ಯ ಕಣೇ ಎಂದರು. ಆ ಪುಣ್ಯವನ್ನು ಬೇಕಾದವರು ಕಟ್ಟಿಕೊಳ್ಳಲಿ. ನನಗೆ ಬಸ್ಸು ಬೇಕು. ಅಷ್ಟು ದೊಡ್ಡ ಗಾಡಿ ನಾನು ರೈಟ್ ಎಂದರೆ ಹೊರಡುತ್ತದೆ, ಹೋಲ್ಡಾನ್ ಎಂದರೆ ನಿಲ್ಲುತ್ತದೆ. ಮನೆಯಲ್ಲಿ ನನ್ನ ಮಾತಿಗೆ ಮಿಕ್ಸಿ ಕೂಡ ನಿಲ್ಲುವುದಿಲ್ಲ.

ಭುಜ ಹಾಳಾದದ್ದು ಹೀಗೆ. ಬೇಸಿಗೆಗೆ ಮುಂಚೆ ಒಂದು ಸಂಜೆ, ಮೈಸೂರು ರಸ್ತೆಯ ನಾಯಂಡಹಳ್ಳಿ ಹತ್ತಿರ ನಮ್ಮ ಬಸ್ಸಿಗೆ ಒಂದು ಸ್ಕೂಟರ್ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತದಿದ್ದರೆ ಆ ಸ್ಕೂಟರಿನವನ ಕತೆ ಮುಗಿಯುತ್ತಿತ್ತು. ಒತ್ತಿದರು. ಬಾಗಿಲ ಹತ್ತಿರ ಕೂಸನ್ನು ಎತ್ತಿಕೊಂಡು ನಿಂತಿದ್ದ ಹೆಂಗಸು ಮೆಟ್ಟಿಲ ಕಡೆ ಜಾರಿದಳು. ನಾನು ಬಲಗೈಯನ್ನು ಕಂಬಕ್ಕೆ ಸುತ್ತಿ, ಎಡಗೈಯನ್ನು ಎಷ್ಟು ಚಾಚಲು ಆಗುತ್ತದೋ ಅಷ್ಟು ಚಾಚಿ ಅವಳ ರಟ್ಟೆ ಹಿಡಿದೆ. ಅವಳೂ ಕೂಸೂ ಉಳಿದರು. ನನ್ನ ಭುಜದೊಳಗೆ ಹಳೇ ಬಟ್ಟೆ ಹರಿದ ಹಾಗೆ ಪರಕ್ ಎಂದಿತು. ಆ ಟ್ರಿಪ್ ಮುಗಿಸಿದೆ, ಅದರ ಮೇಲೆ ಇನ್ನೊಂದು ಟ್ರಿಪ್ಪೂ ಮಾಡಿದೆ. ಮಾರನೆಯ ಬೆಳಿಗ್ಗೆ ಖಾಕಿ ಅಂಗಿಯ ತೋಳಿಗೆ ಕೈ ಹಾಕಲು ಆಗಲಿಲ್ಲ.

ಮನೆ ಹತ್ತಿರದ ಡಾಕ್ಟರೊಬ್ಬರು ನೋವಿನ ಮಾತ್ರೆ ಬರೆದು, "ವಯಸ್ಸಾಯ್ತಲ್ಲಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಔಷಧಿ ಅಂಗಡಿಯವನೂ ಅದನ್ನೇ ಅಂದ. ಎದುರುಮನೆಯ ಪುಟ್ಟತಾಯಮ್ಮ ಎಣ್ಣೆ ತಿಕ್ಕುತ್ತಾ ಅದನ್ನೇ ಹಾಡಿದಳು. ನನಗೆ ಮೈಯೆಲ್ಲ ಉರಿಯಿತು. ಆ ಹೆಂಗಸಿನ ರಟ್ಟೆ ಹಿಡಿದಾಗ ನನಗೆ ವಯಸ್ಸಾಗಿರಲಿಲ್ಲ, ಬೆಳಗಾಗುವುದರೊಳಗೆ ಆಗಿಹೋಯಿತೇ? ಕೊನೆಗೆ ನಮ್ಮ ಡಿಪೋದ ಡ್ರೈವರ್ ಒಬ್ಬರು ರಾಜಾಜಿನಗರದ ಈ ಡಾಕ್ಟರ ವಿಳಾಸ ಕೊಟ್ಟರು. ಅವರು ಸ್ಕ್ಯಾನ್ ಮಾಡಿಸಿ, ಭುಜದ ಕೀಲನ್ನು ಹಿಡಿದಿಡುವ ಸ್ನಾಯುವಿನ ನಾರು ಅರ್ಧ ಹರಿದಿದೆ, ಆಪರೇಷನ್ ಇಲ್ಲದೆ ವ್ಯಾಯಾಮದಲ್ಲೇ ನೋಡೋಣ ಎಂದರು. ವಯಸ್ಸಿನ ಮಾತೇ ಎತ್ತಲಿಲ್ಲ. ಅವತ್ತೇ ನನಗೆ ಅರ್ಧ ನೋವು ಇಳಿಯಿತು.

ಅಂಜನಾನಗರ, ಹೇರೋಹಳ್ಳಿ ದಾಟಿ ಬಸ್ಸು ಸುಂಕದಕಟ್ಟೆಗೆ ಬಂತು. ಆಷಾಢದ ಗಾಳಿ. ಆಕಾಶ ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಇಂಥ ಹವೆಗೆ ಭುಜದೊಳಗೆ ಯಾರೋ ಕೂತು ಹಲ್ಲು ಕಡಿಯುತ್ತಿರುತ್ತಾರೆ. ಸುಂಕದಕಟ್ಟೆಯಲ್ಲಿ ಜನ ದಬದಬನೆ ಇಳಿದರು, ಅದರ ಎರಡರಷ್ಟು ಹತ್ತಿದರು. ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬಳು ಇನ್ನೂ ಕಡೆಯ ಮೆಟ್ಟಿಲ ಮೇಲಿದ್ದಳು. ಆ ಜಂಗುಳಿಯಲ್ಲಿ ಕಂಡಕ್ಟರನಿಗೆ ಅವಳು ಕಾಣಲಿಲ್ಲ.

"ರೈಟ್" ಎಂದ.

"ಹೋಲ್ಡಾನ್!" ಎಂದೆ ನಾನು.

ಅಂದದ್ದಲ್ಲ, ಬಾಯಿಂದ ತಾನಾಗಿ ಬಂತು. ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಕನ್ನಡಿಯಲ್ಲಿ ಹುಡುಕಿದರು, ಅರ್ಧ ಬಸ್ಸು ನನ್ನ ಕಡೆ ತಿರುಗಿತು. ಅಜ್ಜಿ ಇಳಿದು, ಚೀಲ ನೆಲಕ್ಕಿಟ್ಟು, ಕೂಗಿದವರು ಯಾರೆಂದು ಗೊತ್ತಿಲ್ಲದೆ ಬಸ್ಸಿಗೇ ಕೈ ಮುಗಿದಳು.

"ಆಂಟಿ, ನೀವು ಸ್ಟಾಫಾ?" ಎಂದು ಕೇಳಿದ ಆ ಹುಡುಗ.

"ಇಲ್ಲಪ್ಪ" ಎಂದೆ. ಯಜಮಾನರು ನನ್ನ ಮುಖ ನೋಡಿದರು. ಆ 'ಇಲ್ಲಪ್ಪ' ಎನ್ನುವ ಮಾತು ಸುಮನಹಳ್ಳಿ, ಕಾಮಾಕ್ಷಿಪಾಳ್ಯ ದಾಟುವವರೆಗೂ ಕಿವಿಯಲ್ಲೇ ಕೂತಿತ್ತು.

ಟೋಲ್‌ಗೇಟಿನಲ್ಲಿ ಇಳಿದು ಕಾಫಿ ಕುಡಿದೆವು. ಅಲ್ಲಿಂದ ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲಿ ಇನ್ನೊಂದು ಬಸ್ಸು. ದೂರ ಹೆಚ್ಚೇನೂ ಇಲ್ಲ. ನಡುವಿನ ಸಿಗ್ನಲ್ಲುಗಳು ಅದನ್ನು ಉದ್ದ ಮಾಡುತ್ತವೆ. ಕೂರಲು ಸೀಟು ಸಿಕ್ಕಿತು. ಪ್ಯಾಸೆಂಜರಾಗಿ ಕೂರುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ, ಯಾರೋ ನನ್ನ ಕೆಲಸ ಮಾಡುತ್ತಿದ್ದಾರೆ, ನಾನು ಸೋಮಾರಿಯಾಗಿ ಕೂತಿದ್ದೇನೆ ಅನಿಸುತ್ತದೆ. ಬಸವೇಶ್ವರನಗರದ ತಿರುವಿನಲ್ಲಿ ಯಜಮಾನರು ಮೆಲ್ಲಗೆ ಕೇಳಿದರು:

"ಎಕ್ಸರ್‌ಸೈಜು ಸರಿಯಾಗಿ ಮಾಡ್ದೆ ತಾನೆ? ಹೋದ ಸಲದ ಥರ ಮಾಡಿಲ್ಲ ತಾನೆ?"

ಹೋದ ಸಲದ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರೇ ಬಂದು ಹೇಳುತ್ತಾರೆ. ಡಾಕ್ಟರ ಹತ್ತಿರ ಕೆಲಸ ಮಾಡುವ ಫಿಸಿಯೋ ಹುಡುಗಿ ನನಗೆ ವ್ಯಾಯಾಮ ಕಲಿಸಿದ್ದಳು. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಮೇಲಕ್ಕೆ ಹತ್ತಿಸುವುದು, ಬಾಗಿಲಿಗೆ ಕಟ್ಟಿದ ಹಗ್ಗ ಎಳೆಯುವುದು, ರಬ್ಬರ್ ಪಟ್ಟಿ ಜಗ್ಗುವುದು. ಪ್ರತಿದಿನ ಇಷ್ಟಿಷ್ಟು ಎಂದು ಹೇಳಿದ್ದಳು. ನಮ್ಮ ಡಿಪೋದಲ್ಲಿ ಒಂದು ಪದ್ಧತಿ ಇದೆ, ಒಂದು ದಿನ ಎರಡು ಪಾಳಿಯನ್ನೂ ಎಳೆದು ಡಬಲ್ ಡ್ಯೂಟಿ ಮಾಡಿದರೆ ಮಾರನೆಯ ದಿನ ಮನೆಯಲ್ಲಿರಬಹುದು. ಮದುವೆ, ಹಬ್ಬ, ಬಾಣಂತನ ಎಲ್ಲವನ್ನೂ ನಾವು ಹಾಗೇ ನಿಭಾಯಿಸಿರುವುದು. ನಾನು ಭುಜಕ್ಕೂ ಅದೇ ಲೆಕ್ಕ ಹಾಕಿದೆ. ನಾಳೆ ತಂಗಿಯ ಮನೆಯ ಗೃಹಪ್ರವೇಶ ಎಂದರೆ ಇವತ್ತೇ ನಾಳೆಯದನ್ನೂ ಸೇರಿಸಿ ಮಾಡಿಬಿಡುವುದು. ಅದು ಆರಾಮವಾಗಿ ನಡೆಯುತ್ತಿದೆ ಎಂದುಕೊಂಡು, ಇನ್ನೊಂದು ವಾರ ಪೂರ್ತಿ ದಿನ ಬಿಟ್ಟು ದಿನ ಡಬಲ್ ಎಳೆದೆ. ಭುಜ ಊದಿಕೊಂಡಿತು. ನೀರಿನ ಲೋಟ ಎತ್ತಲು ಆಗದೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. ಫಿಸಿಯೋ ಹುಡುಗಿ ನಗು ತಡೆಯಲಾರದೆ ಪರದೆ ಹಿಂದೆ ಹೋದಳು.

"ಒಂದೇ ಡ್ಯೂಟಿ ಮಾಡಿದೀನಿ, ನಿಮ್ಮ ಮಿಲ್ಲಿನಾಣೆ" ಎಂದೆ.

"ಮಿಲ್ಲಿನಾಣೆ ಯಾಕಮ್ಮ, ನಿನ್ನ ಬಸ್ಸಿನಾಣೆ ಇಡು" ಎಂದರು.

ರಾಜಾಜಿನಗರದಲ್ಲಿ ಇಳಿದು ಒಳರಸ್ತೆಗೆ ನಡೆದೆವು. ಎರಡೂ ಕಡೆ ಹೊಂಗೆ ಮರಗಳು, ಅವುಗಳ ಬುಡದಲ್ಲಿ ನಿಲ್ಲಿಸಿದ ಕಾರುಗಳ ಮೇಲೆಲ್ಲ ಎಲೆ. ಹಳೆಯ ಮನೆಯೊಂದರ ಕೆಳಮಹಡಿಯಲ್ಲಿ ಡಾಕ್ಟರ ಕ್ಲಿನಿಕ್ಕು. ಹೊರಗೆ ಕೂತವರೆಲ್ಲ ನನ್ನ ಜಾತಿಯವರೇ, ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡವರು. ಶಟಲ್ ಆಡಿ ಭುಜ ಜಾರಿಸಿಕೊಂಡ ಕಾಲೇಜು ಹುಡುಗನೊಬ್ಬ, ಸಕ್ಕರೆ ಕಾಯಿಲೆಗೆ ಭುಜ ಬಿಗಿದುಕೊಂಡ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಆ ಹಿರಿಯರು ಶರ್ಟಿನ ಗುಂಡಿ ಹಾಕಿಕೊಳ್ಳಲಾಗದೆ ಹೆಂಡತಿಯ ಮುಂದೆ ಎಳೆಮಗುವಿನ ಹಾಗೆ ನಿಂತಿದ್ದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ನನಗೂ ತಿಂಗಳುಗಟ್ಟಲೆ ಜಡೆ ಹೆಣೆದುಕೊಳ್ಳಲು ಆಗಿರಲಿಲ್ಲ. ಹೆಣೆದದ್ದು ಯಜಮಾನರು. ಮೊದಮೊದಲು ಅದು ಜಡೆಯಲ್ಲ, ಚೀಲಕ್ಕೆ ಬಿಗಿದ ಹುರಿಯಾಗಿತ್ತು.

ಡಾಕ್ಟರು ಹಾವೇರಿ ಕಡೆಯವರು. ಎತ್ತರದ ಆಳು, ಬಸವೇಶ್ವರನಗರದಲ್ಲಿ ಮನೆ ಮಾಡಿ ಬಹಳ ವರ್ಷವಾಗಿದ್ದರೂ ಊರಿನ ಮಾತು ಬಿಟ್ಟಿಲ್ಲ.

"ಬರ್ರಿ ಅಕ್ಕಾರ. ಈ ಸಲ ಒಂದ ಡ್ಯೂಟಿ ಮಾಡೀರೋ, ಡಬಲ್ ಎಳದೀರೋ?"

"ಒಂದೇ ಸಾರ್."

ಕೈಯನ್ನು ಮುಂದಕ್ಕೆ ಎತ್ತಿಸಿದರು, ಪಕ್ಕಕ್ಕೆ ಎತ್ತಿಸಿದರು, ಹಿಂದಕ್ಕೆ ಒಯ್ದು ಬೆನ್ನು ಮುಟ್ಟಿಸಿದರು. ಆಮೇಲೆ ಕೈ ಚಾಚಿಸಿ, "ನಾ ಒತ್ತತೀನಿ, ನೀವು ತಡೀರಿ" ಎಂದು ಮೇಲಿನಿಂದ ಒತ್ತಿದರು. ತಡೆದೆ. ಇನ್ನೂ ಒತ್ತಿದರು. ಕಣ್ಣಲ್ಲಿ ನೀರು ಬಂತು, ಆದರೂ ಕೈ ಇಳಿಸಲಿಲ್ಲ.

"ಅಡ್ಡಿಯಿಲ್ಲ, ಬಲ ಬಂದೈತಿ. ಆದ್ರ ಇದು ತೇಪಿ ಹಾಕಿದ ಬಟ್ಟಿ ಇದ್ದಂಗ, ಹೊಸಾದಲ್ಲ." ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು. "ನಿಮ್ಮ ಡಿಪೋಕ್ಕ ಬರದು ಕೊಡ್ತೀನಿ. ಅದಕ್ಕೂ ಮೊದಲ ಒಂದು ಮಾತು ಕೊಡ್ರಿ. ಬಸ್ಸಿನ್ಯಾಗ ಯಾರ ಬಿದ್ರೂ ನೀವು ಹಿಡಿಯಾಕ ಹೋಗಂಗಿಲ್ಲ."

ಪೆನ್ನು ಕಾಗದದ ಮೇಲೇ ಇತ್ತು. ಒಂದು ಹೂಂ ಎಂದರೆ ಮುಗಿಯುತ್ತಿತ್ತು.

"ಅದು ಆಗಲ್ಲ ಸಾರ್" ಎಂದೆ.

ಯಜಮಾನರು ಹಿಂದಿನಿಂದ, "ಹೂಂ ಅಂದ್ಬಿಡೇ, ಏನ್ ಗಂಟು ಹೋಗುತ್ತೆ!" ಎಂದು ಪಿಸುಗುಟ್ಟಿದರು. ಡಾಕ್ಟರಿಗೇ ಕೇಳಿಸುವಷ್ಟು ಗಟ್ಟಿಯಾಗಿ.

"ಯಾಕಾಗಂಗಿಲ್ಲ?" ಡಾಕ್ಟರು ಪೆನ್ನು ಕೆಳಗಿಟ್ಟರು. "ನಾ ಬರದು ಕೊಟ್ಟು, ನೀವು ಮತ್ತ ಹರಕೊಂಡು ಬಂದ್ರ ಆಪರೇಷನ್ ಬಿಟ್ರ ದಾರಿ ಇಲ್ಲ. ಆಮ್ಯಾಲ ಬಸ್ಸೂ ಇಲ್ಲ, ಏನೂ ಇಲ್ಲ. ಲೈಟ್ ಡ್ಯೂಟಿ ಬರೀತೀನಿ ಹಂಗಾರ."

"ಸಾರ್, ಕಂಡಕ್ಟರ್ ಅಂದ್ರೆ ಬರೀ ಟಿಕೆಟ್ ಹರಿಯೋಳಲ್ಲ. ಬಾಗಿಲಲ್ಲಿ ಹಸುಗೂಸು ಎತ್ಕೊಂಡಿರೋಳು ಬೀಳ್ತಾ ಇದ್ರೆ, ನಂಗೆ ಭುಜ ನೋವು ತಾಯಿ, ನೀನು ಬೀಳು ಅಂತ ನೋಡ್ಕೊಂಡು ನಿಂತ್ಕೊಳ್ಳಕ್ಕಾಗುತ್ತಾ? ಹಿಡಿಯಲ್ಲ ಅಂತ ನಿಮ್ಮ ಮುಂದೆ ಸುಳ್ಳು ಹೇಳಿ ಚೀಟಿ ಇಸ್ಕೊಂಡು ಹೋಗ್ಬೋದು. ನಾನು ಹೇಳಲ್ಲ. ಹಿಡೀಬೇಡ ಅನ್ಬೇಡಿ. ಹೆಂಗೆ ಹಿಡೀಬೇಕು ಅಂತ ಹೇಳ್ಕೊಡಿ."

ನನ್ನ ದನಿ ಬಸ್ಸಿನ ದನಿಯಾಗಿಬಿಟ್ಟಿತ್ತು. ಹೊರಗೆ ಕೂತವರ ಮಾತು ನಿಂತಿತು. ಡಾಕ್ಟರು ಎದ್ದು ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಬಸ್ಸಿನ್ಯಾಗ ಹೆಂಗ ನಿಲ್ತೀರಿ? ತೋರಸ್ರಿ."

ಪರೀಕ್ಷೆಯ ಮಂಚವನ್ನೇ ಸೀಟು ಎಂದುಕೊಂಡು ಅದಕ್ಕೆ ಸೊಂಟ ಆನಿಸಿ, ಕಾಲು ಅಗಲಿಸಿ, ಎಡಗೈಯಲ್ಲಿ ಮಿಷನ್ ಹಿಡಿದ ಹಾಗೆ ನಿಂತೆ.

"ಕಂಬಿ ಹಿಡಿಯಂಗಿಲ್ಲೇನು?"

"ಹಿಡ್ಕೊಂಡ್ರೆ ಟಿಕೆಟ್ ಯಾವ ಕೈಲಿ ಕೊಡ್ಲಿ ಸಾರ್? ಕಂಬಿ ಪ್ಯಾಸೆಂಜರಿಗೆ. ನಮಗೆ ಸೊಂಟವೇ ಗತಿ."

"ಭಾಳ ಛಲೋ ಆತು. ಸೊಂಟ ಗಟ್ಟಿ ಐತಿ ಅಂದ್ರ ಕೆಲಸ ಹಗುರ." ಅವರು ನನ್ನ ಎಡಮೊಣಕೈಯನ್ನು ಹಿಡಿದು ಪಕ್ಕೆಗೆ ಒತ್ತಿದರು. "ಇದು ಇಲ್ಲೇ ಇರಬೇಕು. ಕೈ ಚಾಚಿದ್ರ ಪೂರಾ ಭಾರ ಆ ನಾರಿನ ಮ್ಯಾಲ ಬೀಳತೈತಿ, ಹರೀತೈತಿ. ಕೈ ಹೋಗಬಾರದು, ಮೈ ಹೋಗಬೇಕು. ಒಂದು ಹೆಜ್ಜಿ ಮುಂದ ಬಂದು, ಬೀಳೋರನ್ನ ನಿಮ್ಮ ಮೈಗೆ ಆನಿಸ್ಕೋರಿ. ತಿಳೀತಾ? ಈಗ ನಾ ಪ್ಯಾಸೆಂಜರ್."

ಅಯ್ಯೋ ಶಿವನೇ! ಅಷ್ಟೆತ್ತರದ ಡಾಕ್ಟರು ಕೋಟು ಬಿಚ್ಚಿಟ್ಟು, ಇಲ್ಲದ ಬಸ್ಸಿನಲ್ಲಿ ಇಲ್ಲದ ಮೆಟ್ಟಿಲ ಹತ್ತಿರ ನಿಂತರು. ಫಿಸಿಯೋ ಹುಡುಗಿ ಡ್ರೈವರಾದಳು. ಅವಳು "ಬ್ರೇಕ್!" ಎಂದಳು, ಡಾಕ್ಟರು ದಬಕ್ಕನೆ ಮುಂದಕ್ಕೆ ವಾಲಿದರು. ಮೊದಲ ಸಲ ಹಳೆಯ ಚಾಳಿಯಂತೆ ಕೈ ಚಾಚಿದೆ, ಬೈಸಿಕೊಂಡೆ. ಎರಡನೆಯ ಸಲ ಮೊಣಕೈ ಒಳಗೇ ಉಳಿಯಿತು, ಕಾಲು ಮುಂದೆ ಹೋಗಲಿಲ್ಲ. ಇಬ್ಬರೂ ಸೇರಿ ತೂಕದ ಮಿಷನ್ನಿನ ಮೇಲೆ ಹತ್ತಿ ನಿಂತೆವು. ಬಾಗಿಲ ಸಂದಿನಲ್ಲಿ ಶಟಲ್ ಹುಡುಗನ ತಲೆ, ಅದರ ಕೆಳಗೆ ಬ್ಯಾಂಕಿನವರ ಹೆಂಡತಿಯ ತಲೆ ಕಾಣಿಸಿದವು. "ಅಕ್ಕಾರ, ಈಗ ನಿಜವಾಗ್ಲೂ ಬೀಳ್ತೀನಿ ನೋಡ್ರಿ" ಎಂದರು ಡಾಕ್ಟರು. ಬ್ರೇಕ್ ಬಿತ್ತು. ಒಂದು ಹೆಜ್ಜೆ ಇಟ್ಟೆ, ಮೊಣಕೈ ಪಕ್ಕೆಗೆ ಕಚ್ಚಿ ಅವರ ರಟ್ಟೆ ಹಿಡಿದು ಮೈಗೆ ಆನಿಸಿಕೊಂಡೆ. ನಿಂತೆವು. ಇಬ್ಬರೂ ನಿಂತೆವು. ಭುಜ ಮಾತಾಡಲಿಲ್ಲ.

ಹೊರಗಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಬಸ್ಸಿನ ಮೇಲೆ ಡ್ಯೂಟಿ ಮಾಡಬಹುದು ಎಂದು ಬರೆದರು. ಅದರ ಕೆಳಗೆ, ಡಬಲ್ ಡ್ಯೂಟಿ ಕೊಡಕೂಡದು ಎಂದು ಬರೆದು ಎರಡು ಗೆರೆ ಎಳೆದರು. "ಆ ಶಬ್ದ ನಿಮ್ಮ ಬಾಯಾಗ ಬರಬಾರದು ನೋಡ್ರಿ. ರಬ್ಬರ್ ಪಟ್ಟಿ ಬಿಡಂಗಿಲ್ಲ. ನೋವು ಬಂದ್ರ ಮುಚ್ಚಿಡಂಗಿಲ್ಲ, ಸೀದಾ ಇಲ್ಲಿಗೆ ಬರಬೇಕು." ಎಲ್ಲಕ್ಕೂ ಹೂಂ ಎಂದೆ. ಈ ಹೂಂ ಎಲ್ಲ ನಿಜವಾದವು.

ಹತ್ತಿರದ ದರ್ಶಿನಿಯಲ್ಲಿ ಸೆಟ್ ದೋಸೆ ತಿಂದೆವು. ಸಾಗು ಚೆನ್ನಾಗಿತ್ತು, ಚಟ್ನಿ ನೀರು ನೀರು. ಯಜಮಾನರು ಮುಖ ಊದಿಸಿಕೊಂಡು ದೋಸೆಯನ್ನು ಚೂರು ಚೂರು ಮಾಡುತ್ತಿದ್ದರು.

"ಖುಷಿ ಆಗ್ಲಿಲ್ವಾ ನಿಮಗೆ?"

"ಏನ್ ಖುಷಿ? ರಾತ್ರಿಯೆಲ್ಲ ನೀನು ಎದ್ದು ಕೂತು ಗೋಡೆಗೆ ಒರಗಿ ಅಳ್ತಿದ್ದೆ. ನಿದ್ದೆ ಬಂದೋರ ಥರ ಮಲಗಿದ್ದೆ ನಾನು, ನಿಂಗೆ ನಾಚಿಕೆ ಆಗ್ಬಾರ್ದು ಅಂತ. ಮತ್ತೆ ಅದನ್ನ ನೋಡೋಕೆ ನನ್ನ ಕೈಲಾಗಲ್ಲ ಕಣೇ. ಒಳಗೆ ಕೂತ್ಕೊಂಡ್ರೆ ಏನಾಗ್ತಿತ್ತು?"

ಅವರಿಗೆ ಗೊತ್ತಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ನನ್ನ ತಟ್ಟೆಯ ಒಂದು ದೋಸೆ ಅವರ ತಟ್ಟೆಗೆ ಹಾಕಿದೆ. "ಒಳಗೆ ಕೂತಿದ್ರೆ ಹಗಲೂ ಅಳ್ತಿದ್ದೆ ರೀ" ಎಂದೆ. ಅವರು ದೋಸೆ ತಿಂದರು.

ವಿಜಯನಗರದವರೆಗೆ ಬಸ್ಸು, ಅಲ್ಲಿಂದ ಕೆಂಗೇರಿಗೆ ಮೆಟ್ರೋ. ಮೆಟ್ರೋದಲ್ಲಿ ಹೆಂಗಸರಿಗೂ ಕಾಸು, ಹಾಗಾಗಿ ಯಜಮಾನರಿಗೆ ಆ ದಿನ ಮೊದಲ ಬಾರಿಗೆ ಸಮಾಧಾನವಾಯಿತು, "ಈಗ ಸಮ ಆಯ್ತು" ಎಂದರು. ಗಾಡಿ ತಣ್ಣಗಿತ್ತು, ಚೊಕ್ಕಟವಾಗಿತ್ತು, ಯಾರೂ ಯಾರಿಗೂ ತಾಗುತ್ತಿರಲಿಲ್ಲ. ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ. ಮುಂದಿನ ನಿಲ್ದಾಣ ಯಾವುದೆಂದು ಎಲ್ಲೋ ಕೂತ ಹೆಣ್ಣುದನಿಯೊಂದು ಹೇಳುತ್ತದೆ. ಬಹಳ ಇಂಪಾದ ದನಿ. ಆದರೆ ಆ ದನಿ, ಅಜ್ಜಿ ಇಳಿದಳೇ ಇಲ್ಲವೇ ಎಂದು ಬಗ್ಗಿ ನೋಡುವುದಿಲ್ಲ.

ಮೈಸೂರು ರಸ್ತೆ ನಿಲ್ದಾಣ ದಾಟಿದ ಮೇಲೆ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದೆ. ನಾಯಂಡಹಳ್ಳಿ. ಕೆಳಗೆ ಲಾರಿ, ಬಸ್ಸು, ಸ್ಕೂಟರುಗಳು ಒಂದರ ಬಾಲ ಇನ್ನೊಂದು ಹಿಡಿದು ನಿಂತಿದ್ದವು. ನನ್ನ ಭುಜ ಹರಿದ ಜಾಗ ಮೇಲಿನಿಂದ ನೋಡಿದರೆ ಬೆರಳಗಲವೂ ಇಲ್ಲ. ಇಷ್ಟು ದಿನ ಈ ದಾರಿಗೆ ಬಂದಿರಲಿಲ್ಲ. ಬಂದರೆ ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ಸಿಟ್ಟು ಬಂತು. ಒಂದು ಸ್ಕೂಟರಿನವನ ಆತುರಕ್ಕೆ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಲು ಇಡೀ ಊರು ತಯಾರಾಗಿತ್ತಲ್ಲ! ಹೋಗಲಿ, ಆ ಕೂಸು ಈಗ ಅಂಬೆಗಾಲಿಡುತ್ತಿರಬಹುದು. ಹೆಣ್ಣೋ ಗಂಡೋ ನೋಡಿರಲಿಲ್ಲ.

ಕೆಂಗೇರಿ ಡಿಪೋದಲ್ಲಿ ಮ್ಯಾನೇಜರ್ ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ. ನನ್ನ ಮೇಲೆ ಅಕ್ಕರೆ ಇರುವುದರಿಂದಲೇ ಕಷ್ಟ.

"ಜಯಮ್ಮ, ಒಳಗಡೆ ಸೀಟು ನಿಮಗೆ ಅಂತಾನೇ ಇಟ್ಟಿದ್ದೆ. ಇನ್ನೊಂದ್ಸಲ ಯೋಚ್ನೆ ಮಾಡಿ. ಮಳೆ ಇಲ್ಲ, ಚಿಲ್ಲರೆ ಜಗಳ ಇಲ್ಲ."

"ಅದನ್ನ ಬೇರೆ ಯಾರಿಗಾದ್ರೂ ಕೊಡಿ ಸಾರ್. ಮಂಡಿ ಹೋಗಿರೋರು ಇದಾರೆ, ಸೊಂಟ ಹೋಗಿರೋರು ಇದಾರೆ. ನನ್ನ ಕಾಲು ಗಟ್ಟಿ ಇದೆ, ಗಂಟಲು ಗಟ್ಟಿ ಇದೆ, ಭುಜ ಗಟ್ಟಿ ಆಗಿದೆ ಅಂತ ಡಾಕ್ಟ್ರೇ ಬರ್ದಿದಾರೆ."

"ಎಲ್ಲರೂ ಒಳಗೆ ಹಾಕಿ ಸಾರ್ ಅಂತ ಬಂದು ಅಳ್ತಾರೆ. ಹೊರಗೆ ಹಾಕಿ ಅಂತ ಜಗಳ ಆಡೋರು ನೀವೊಬ್ರೇ ಕಣ್ರೀ" ಎಂದು ಅವರು ಯಜಮಾನರ ಕಡೆ ನೋಡಿದರು. "ನೀವಾದ್ರೂ ಹೇಳ್ಬಾರ್ದಾ ಸಾರ್?"

ಯಜಮಾನರು ಕವರನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು. ಇನ್ನೇನು ಈ ಮನುಷ್ಯ ಸಾಹೇಬರ ಜೊತೆ ಸೇರಿಕೊಂಡರು ಎಂದು ನಾನು ಹಲ್ಲು ಕಚ್ಚಿದೆ.

"ನಾನು ಹೇಳಿ ನಾಲ್ಕು ತಿಂಗಳಾಯ್ತು ಸಾರ್" ಎಂದರು. "ಅವಳಿಗೆ ಬಸ್ಸೇ ಕೊಡಿ. ಮನೇಲಿ ನನ್ನ ಹೋಲ್ಡಾನ್ ಮಾಡ್ತಾಳೆ."

ಸಾಹೇಬರು ನಕ್ಕುಬಿಟ್ಟರು. ಸೋಮವಾರದಿಂದ ಬೆಳಗಿನ ಪಾಳಿ, ಒಂದೇ ಪಾಳಿ.

ವಾಪಸು ಬರುವಾಗ ಉಲ್ಲಾಳ, ಮುದ್ದಿನಪಾಳ್ಯದ ಮೇಲೆ ಹಾದು ಮಾಗಡಿ ರಸ್ತೆ ಸೇರುವ ಬಸ್ಸು ಸಿಕ್ಕಿತು. ಸಂಜೆಯ ಹೊತ್ತು, ಕಾಲಿಡಲು ಜಾಗವಿಲ್ಲ. ಶಾಲೆಯ ಚೀಲಗಳು, ಗಾರೆ ಕೆಲಸದವರ ಬುತ್ತಿ ಡಬ್ಬಿಗಳು, ಒದ್ದೆ ಕೊಡೆಗಳು. ಬೆಳಗಿನಿಂದ ಕಾಡಿಸುತ್ತಿದ್ದ ಮಳೆ ಕೊನೆಗೂ ಬಿದ್ದಿತ್ತು. ನಾನು ಅಭ್ಯಾಸಬಲದಿಂದ ಒಂದು ಸೀಟಿನ ಅಂಚಿಗೆ ಸೊಂಟ ಕೊಟ್ಟು ನಿಂತೆ. ಯಜಮಾನರು ಬಾಗಿಲ ಹತ್ತಿರ, ಕವರನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದು ನಿಂತಿದ್ದರು, ನೆನೆಯಬಾರದೆಂದು.

"ರೀ, ಕಂಬಿ ಹಿಡ್ಕೊಳ್ಳಿ."

"ಹಿಡ್ಕೊಂತೀನಿ ಇರೇ."

ಮುದ್ದಿನಪಾಳ್ಯದ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಇಷ್ಟೆಲ್ಲ ಲೇಔಟ್ ಆದ ಮೇಲೂ ಅಲ್ಲಿ ಎಮ್ಮೆ ಉಳಿದಿರುವುದು ಆಶ್ಚರ್ಯ. ಬ್ರೇಕ್ ಬಿತ್ತು. ಜನ ಒಬ್ಬರ ಮೇಲೊಬ್ಬರು ವಾಲಿದರು. ಯಜಮಾನರು ಕವರ್ ಬಿಡದೆ, ಕೈ ಇಳಿಸದೆ, ಹಾಗೇ ಮೆಟ್ಟಿಲ ಕಡೆಗೆ ಹೊರಟರು. ನಾನು ಯೋಚಿಸಲಿಲ್ಲ. ಒಂದು ಹೆಜ್ಜೆ ಮುಂದೆ ಬಿತ್ತು. ಮೊಣಕೈ ಪಕ್ಕೆಯಲ್ಲೇ ಇತ್ತು. ಎಡಗೈ ಅವರ ಸೊಂಟದ ಬೆಲ್ಟ್ ಹಿಡಿದಿತ್ತು, ಅವರ ಬೆನ್ನು ನನ್ನ ಮೈಗೆ ಆನಿಕೊಂಡಿತ್ತು, ನನ್ನ ಸೊಂಟ ಮುಂದಿನ ಸೀಟಿಗೆ ಕಚ್ಚಿತ್ತು. ಕವರ್ ಮಾತ್ರ ಹಾರಿ ಯಾರದೋ ಬುತ್ತಿ ಡಬ್ಬಿಯ ಮೇಲೆ ಬಿತ್ತು.

ಎಮ್ಮೆ ದಾಟಿತು. ಅವರು ತಿರುಗಿ ನೋಡಿದರು. ನೋಡಿದ್ದು ಮೆಟ್ಟಿಲನ್ನಲ್ಲ, ನನ್ನ ಭುಜವನ್ನು.

"ನೋವಾಯ್ತಾ?"

"ಸ್ವಲ್ಪ ಆಯ್ತು."

"ಡಾಕ್ಟ್ರು ಏನ್ ಹೇಳಿದ್ರು ಬೆಳಿಗ್ಗೆ..."

"ಬಿಟ್ಬಿಡ್ಬೇಕಿತ್ತಾ?"

ಅವರು ಮೆಲ್ಲಗೆ ಕೈ ಎತ್ತಿ, ಎರಡೂ ಕೈ ಎತ್ತಿ, ಕಂಬಿ ಹಿಡಿದುಕೊಂಡರು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಕಂಬಿ ಹಿಡಿದದ್ದು ಅದೇ ಮೊದಲು. ನಾನು ಅಲ್ಲೇ ನಿಂತು ಭುಜವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿದೆ. ತಿರುಗಿತು. ಗಾರೆ ಕೆಲಸದವನೊಬ್ಬ ಕವರ್ ಎತ್ತಿ ಕೊಟ್ಟ. ಮಡಚಿ ಹೋಗಿತ್ತು.

ಜನರ ಸಂದಿಯಲ್ಲಿ ನುಸುಳುತ್ತಾ ಕಂಡಕ್ಟರ್ ಬಂದಳು. ಹೆಣ್ಣುಮಗಳು, ಹಣೆಯಲ್ಲಿ ಬೆವರು, ಎಡಗೈಯಲ್ಲಿ ಮಿಷನ್ನು, ಸೊಂಟವನ್ನು ಸೀಟಿಗೆ ಕೊಟ್ಟು ನಿಂತಳು.

"ಟಿಕೆಟ್. ಆಂಟಿ, ಆಧಾರ್ ಇದ್ಯಾ?"

ನಾನು ಪರ್ಸಿನ ತಳಕ್ಕೆ ಕೈ ಹಾಕಿದೆ. ಎಡಗೈಯನ್ನೇ ಹಾಕಿದೆ.

"ಇವ್ರಿಗೊಂದು ಬ್ಯಾಡರಹಳ್ಳಿ ಕೊಡಮ್ಮ" ಎಂದೆ. "ನಾನು ಸ್ಟಾಫ್."